ಶಿಶುಶಿಕ್ಷಣ ಮತ್ತು ಸಮುದಾಯಾಭಿವೃದ್ಧಿ

ಹುಟ್ಟಿನಿಂದ ಶಾಲೆ ಸೇರುವವರೆಗಿನ ಮಕ್ಕಳ ಪಾಲನೆ, ಪೋಷಣೆ, ಆಟ, ಕಲಿಕೆ ಇವನ್ನೆಲ್ಲ ಒಟ್ಟಾಗಿ ನೋಡಿಕೊಳ್ಳುವ ವ್ಯವಸ್ಥೆಗೆ ಶಿಶುಶಿಕ್ಷಣವೆಂದು ಹೆಸರು. ವಯಸ್ಸಿನ ಗಡಿ ಸಾಮಾನ್ಯವಾಗಿ ಆರು ವರ್ಷ. ಯುನೆಸ್ಕೊ ಅದನ್ನು ಎಂಟರವರೆಗೆ ಎಣಿಸುತ್ತದೆ, ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಹಿಡಿದಿದೆ. ಶಿಶುವಿಹಾರ, ಬಾಲವಾಡಿ, ಅಂಗನವಾಡಿ, ಕೂಸಿನ ಮನೆ, ನರ್ಸರಿ, ಎಲ್‌ಕೆಜಿ–ಯುಕೆಜಿ ಎಲ್ಲವೂ ಇದರ ಬಗೆಗಳೇ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.2ನೆಯ ಅಂಶ, 2030ರೊಳಗೆ ಎಲ್ಲ ಹೆಣ್ಣು–ಗಂಡು ಮಕ್ಕಳಿಗೂ ಒಳ್ಳೆಯ ಶಿಶುಪಾಲನೆ ಮತ್ತು ಪೂರ್ವ ಪ್ರಾಥಮಿಕ ಶಿಕ್ಷಣ ಸಿಗಬೇಕೆನ್ನುತ್ತದೆ.

ಶಿಶುಶಿಕ್ಷಣವನ್ನು ಅಭಿವೃದ್ಧಿಯ ದಾರಿ ಎನ್ನುವವರು ಹೆಚ್ಚಾಗಿ ಇಪ್ಪತ್ತು ವರ್ಷ ಮುಂದಿನ ಲಾಭವನ್ನು ತೋರಿಸುತ್ತಾರೆ. ಇಂದು ಹೊಟ್ಟೆತುಂಬ ಉಂಡು, ಆಡಿ, ಕಲಿತ ಮಗು ನಾಳೆ ಹೆಚ್ಚು ದುಡಿಯುತ್ತದೆ ಎಂಬುದು ಅವರ ವಾದ. ಮಾತು ಸುಳ್ಳಲ್ಲ. ಆದರೆ ಹಾಗೆ ಬೆಳೆದ ಮಗು ದುಡಿಮೆಗೆಂದು ಬೆಂಗಳೂರಿಗೋ ಮುಂಬಯಿಗೋ ಹೊರಟುಹೋದರೆ ಊರಿಗೆ ದಕ್ಕಿದ್ದೇನು? ಊರಿಗೆ ಸಿಗುವ ಲಾಭ ವಾಸ್ತವವಾಗಿ ಅಷ್ಟು ಕಾಲ ಕಾಯುವುದಿಲ್ಲ. ತಾಯಿ, ಅಕ್ಕ ಮತ್ತು ಕೇಂದ್ರ ನಡೆಸುವ ಹೆಂಗಸಿನ ಮೂಲಕ ಅದು ಮೊದಲ ವರ್ಷದಿಂದಲೇ ಬರತೊಡಗುತ್ತದೆ. ಅದು ಬಾರದ ಕಡೆ ಕೇಂದ್ರವು ಊರಿನ ಕೈಬಿಟ್ಟು ಬರಿಯ ಹಂಚಿಕೆಯ ಕಟ್ಟೆಯಾಗಿರುತ್ತದೆ, ಇಲ್ಲವೆ ಒಂದನೇ ತರಗತಿಯ ನಕಲಾಗಿರುತ್ತದೆ. ಭಾರತದಲ್ಲಿ ಈ ಎರಡು ಬಗೆಯ ಅನುಭವಕ್ಕೂ ದೊಡ್ಡ ನಿದರ್ಶನ ಅಂಗನವಾಡಿ.

ಹಿನ್ನೆಲೆ

ಚಿಕ್ಕ ಮಕ್ಕಳ ಶಾಲೆ ಹುಟ್ಟಿದ್ದು ಬಹುಮಟ್ಟಿಗೆ ದುಡಿಯುವ ತಾಯಂದಿರ ಕೇರಿಗಳಲ್ಲಿ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಹತ್ತಿಗಿರಣಿಯ ಊರಿನಲ್ಲಿ ಗಿರಣಿಯ ಒಡೆಯ ರಾಬರ್ಟ್ ಓವೆನ್ 1816ರಲ್ಲಿ ಶಿಶುಶಾಲೆ ತೆರೆದ. ನಡೆಯಲು ಕಲಿತ ಕೂಸುಗಳೂ ಅಲ್ಲಿ ಸೇರಬಹುದಿತ್ತು. ಪುಸ್ತಕದ ಕಾಟವಿಲ್ಲದೆ ಹಾಡು, ಕುಣಿತ, ಬಯಲಿನ ಆಟಗಳಲ್ಲಿ ದಿನ ಕಳೆಯುತ್ತಿತ್ತು. ಜರ್ಮನಿಯಲ್ಲಿ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಪ್ರಯೋಗಕ್ಕೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು. ಆಟವೇ ಆ ವಯಸ್ಸಿನ ಕೆಲಸ ಎಂಬ ತತ್ತ್ವಕ್ಕೆ ಶಾಸ್ತ್ರದ ನೆಲೆ ಒದಗಿಸಿದವನು ಅವನು.

ಮರಿಯಾ ಮಾಂಟೆಸ್ಸರಿಯ ಮೊದಲ ‘ಮಕ್ಕಳ ಮನೆ’ 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ ತೆರೆಯಿತು. ಹಳೆಯ ವಠಾರಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟ ಗೃಹನಿರ್ಮಾಣ ಸಂಸ್ಥೆಗೆ ಒಂದು ತೊಡಕು ಎದುರಾಗಿತ್ತು: ಅಪ್ಪ ಅಮ್ಮ ಕೂಲಿಗೆ ಹೋದಮೇಲೆ ಮಕ್ಕಳು ಗೋಡೆ, ಮೆಟ್ಟಿಲು ಹಾಳುಮಾಡುತ್ತಿದ್ದವು. ವಠಾರದಲ್ಲೇ ಒಂದು ಕೋಣೆ ಬಿಟ್ಟುಕೊಟ್ಟು, ಶಿಕ್ಷಕಿಯನ್ನೂ ಅದೇ ವಠಾರದಲ್ಲಿ ನೆಲೆಸುವಂತೆ ಮಾಡಿ, ಮಕ್ಕಳನ್ನು ಶುಚಿಯಾಗಿ ಕಳಿಸುವ ಹೊಣೆಯನ್ನು ತಾಯಂದಿರಿಗೆ ಹೊರಿಸಲಾಯಿತು. ಇಂದು ನಮ್ಮ ನಗರಗಳಲ್ಲಿ ‘ಮಾಂಟೆಸ್ಸರಿ’ ಎಂದ ಕೂಡಲೇ ದುಬಾರಿ ಶುಲ್ಕ ನೆನಪಾಗುವುದು ಇತಿಹಾಸದ ವ್ಯಂಗ್ಯ. ಆ ಪದ್ಧತಿ ಕೂಲಿಕಾರರ ವಠಾರದ್ದು.

ಭಾರತದಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ (1885–1939) ವಕೀಲಿ ಬಿಟ್ಟು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ‘ಮೀಸೆಯ ಅಮ್ಮ’ ಎಂದು ಜನ ಅವರನ್ನು ಅಕ್ಕರೆಯಿಂದ ಕರೆಯುತ್ತಿದ್ದರು. 1926ರಲ್ಲಿ ಅವರೂ ತಾರಾಬಾಯಿ ಮೋಡಕರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಮಾಂಟೆಸ್ಸರಿ ಅವರೇ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಕನ್ನಡನಾಡಿನಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಇವುಗಳ ಪ್ರಭಾವ ದೊಡ್ಡದು, ಹರವು ಚಿಕ್ಕದು. ಹಳ್ಳಿಯ ಬಡವರ ಮಕ್ಕಳು ಬಹುಪಾಲು ಹೊರಗೇ ಉಳಿದಿದ್ದರು.

ಬೋರ್ಡಿ ಮತ್ತು ಕೋಸಬಾಡ

ಆ ಮಕ್ಕಳ ಬಳಿಗೆ ಹೊರಟವರು ತಾರಾಬಾಯಿ ಮೋಡಕ್ (1892–1973). ಮುಂಬಯಿಯ ದಾದರಿನಲ್ಲಿ ಶಿಶುವಿಹಾರ ನಡೆಸುತ್ತಿದ್ದ ಅವರು 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ (ಇಂದಿನ ಪಾಲಘರ್) ಕಡಲದಂಡೆಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಅವರ ಜೊತೆಗೂಡಿದ ಅನುತಾಯಿ ವಾಘ್ (1910–1992) ಹದಿಮೂರಕ್ಕೆ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದ, ಆಮೇಲೆ ಓದಿ ಶಿಕ್ಷಕಿಯಾದ ಹೆಣ್ಣುಮಗಳು. ಅದೇ 1945ರಲ್ಲಿ, ಅದೇ ಸೀಮೆಯಲ್ಲಿ ಗೋದಾವರಿ ಪರುಳೇಕರ್ ಮತ್ತು ಶಾಮರಾವ್ ಪರುಳೇಕರರ ಮುಂದಾಳುತನದಲ್ಲಿ ವಾರ್ಲಿ ಆದಿವಾಸಿಗಳು ಜೀತದ ವಿರುದ್ಧ ಎದ್ದು ನಿಂತಿದ್ದರು. ಎಂಥ ನೆಲದಲ್ಲಿ ಬಾಲವಾಡಿ ಬೇರು ಬಿಡಬೇಕಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಪಾಠ ಕಲಿತವರು ಶಿಕ್ಷಕಿಯರು. ಬಾಲವಾಡಿಯ ಬಾಗಿಲು ತೆರೆದಿಟ್ಟು ಕೂತರೆ ಹರಿಜನ ಕೇರಿಯ, ಆದಿವಾಸಿ ಹಾಡಿಯ ಮಕ್ಕಳು ಬರುತ್ತಿರಲಿಲ್ಲ. ಬರಬಾರದೆಂದು ಯಾರೂ ತಡೆದಿದ್ದಲ್ಲ, ಅವರಿಗೆ ಪುರುಸೊತ್ತೇ ಇರಲಿಲ್ಲ. ತುಸು ದೊಡ್ಡವರು ದನ ಮೇಯಿಸುತ್ತಿದ್ದರು, ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದರು. ಆದ್ದರಿಂದ ತಾರಾಬಾಯಿಯವರು ಶಾಲೆಯನ್ನೇ ಮಕ್ಕಳಿರುವ ಕಡೆಗೆ ಒಯ್ದರು. ಕೇರಿಯ ಯಾರದಾದರೂ ಮನೆಯಂಗಳದಲ್ಲಿ ದಿನಕ್ಕೆ ಕೆಲವು ತಾಸು ಬಾಲವಾಡಿ ನಡೆಯತೊಡಗಿತು. ಮಕ್ಕಳ ಮೈ ತೊಳೆಸುವುದು, ಉಗುರು ಕತ್ತರಿಸುವುದು, ಹಾಡು, ಕಥೆ, ಅಂಕಿ ಎಲ್ಲವೂ ತಾಯಂದಿರ ಕಣ್ಣೆದುರಿಗೇ. ಮಾಂಟೆಸ್ಸರಿಯ ಬೆಲೆಬಾಳುವ ಉಪಕರಣಗಳ ಜಾಗಕ್ಕೆ ಬೀಜ, ಚಿಪ್ಪು, ಎಲೆ, ಜೇಡಿಮಣ್ಣು, ಬೆಣಚುಕಲ್ಲು ಬಂದವು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು.

1950ರ ದಶಕದಲ್ಲಿ ಕೇಂದ್ರವು ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋದಮೇಲೆ ರೂಪುಗೊಂಡ ‘ವಿಕಾಸವಾಡಿ’ ಇನ್ನೂ ಜಾಣತನದ್ದು. ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಆವರಣದಲ್ಲಿದ್ದವು. ಸೊಂಟದ ಮೇಲಿನ ಕೂಸನ್ನು ಮೊದಲ ಕೋಣೆಯಲ್ಲಿ ಇಳಿಸಿ ಹುಡುಗಿ ಮೂರನೆಯದರಲ್ಲಿ ಪಾಠಕ್ಕೆ ಕೂರಬಹುದಾಗಿತ್ತು. ಶಿಶುಪಾಲನೆಯೂ ಹೆಣ್ಣುಮಕ್ಕಳ ಶಿಕ್ಷಣವೂ ಒಂದೇ ಪ್ರಶ್ನೆಯ ಎರಡು ತುದಿಗಳು ಎಂಬುದನ್ನು ವರದಿಗಳಿಗಿಂತ ಎಷ್ಟೋ ಮೊದಲು ಕಂಡುಕೊಂಡದ್ದು ಈ ಗುಡ್ಡದ ಮೇಲೆ. ಅಂಗನವಾಡಿ ಎಂಬ ಹೆಸರನ್ನೂ ಕಲ್ಪನೆಯನ್ನೂ ಭಾರತ ಸರ್ಕಾರ ಪಡೆದದ್ದು ಈ ಪ್ರಯೋಗಗಳಿಂದಲೇ. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಸಂದಿತು.

ಸರ್ಕಾರಿ ಯೋಜನೆಯಾಗಿ

ಸ್ವಾತಂತ್ರ್ಯಾನಂತರ ಬಾಲವಾಡಿಗಳು ಗ್ರಾಮಾಭಿವೃದ್ಧಿಯ ಕೆಲಸದ ಜೊತೆಗೇ ಬೆಳೆದವು. 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಮಹಿಳಾ ಮಂಡಲಗಳ ಮೂಲಕ ಬಾಲವಾಡಿಗಳಿಗೆ ಅನುದಾನ ಕೊಡುತ್ತಿತ್ತು. ಹೊಲಿಗೆ ಕಲಿಕೆ, ಭಜನೆ, ಬಾಲವಾಡಿ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದ ಆ ಮಹಿಳಾ ಸಮಾಜಗಳು ಕರ್ನಾಟಕದ ಹಳೆಯ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. 1972ರಲ್ಲಿ ಮೀನಾ ಸ್ವಾಮಿನಾಥನ್ ನೇತೃತ್ವದ ಅಧ್ಯಯನ ತಂಡವು ಆಹಾರ, ಆರೋಗ್ಯ, ಕಲಿಕೆ ಮೂರನ್ನೂ ಬೇರ್ಪಡಿಸದೆ ಒಂದೇ ಕಡೆ ಕೊಡಬೇಕೆಂದು ವರದಿ ನೀಡಿತು.

ಇದರ ಬೆನ್ನಲ್ಲೇ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ದೇಶದ 33 ಕಡೆ ಪ್ರಾರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆ–ಆರೋಗ್ಯದ ತಿಳಿವಳಿಕೆ, ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ಇವು ಯೋಜನೆಯ ಆರು ಸೇವೆಗಳು. ಬಯಲು ಸೀಮೆಯಲ್ಲಿ 400ರಿಂದ 800 ಜನಸಂಖ್ಯೆಗೊಂದು ಅಂಗನವಾಡಿ. ತಾಂಡಾ, ಹಾಡಿ, ಪೋಡುಗಳಂಥ ಚಿಕ್ಕ ನೆಲೆಗಳಿಗೆ ಮಿನಿ ಅಂಗನವಾಡಿ. ಇಂದು ದೇಶದಲ್ಲಿ ಹೆಚ್ಚುಕಡಿಮೆ 14 ಲಕ್ಷ ಕೇಂದ್ರಗಳಿವೆ. ಕರ್ನಾಟಕದ 204 ಯೋಜನೆಗಳಡಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳು ನಡೆಯುತ್ತಿವೆ.

ಈ ವಿಸ್ತಾರಕ್ಕೆ ಸರ್ಕಾರದ ಉತ್ಸಾಹಕ್ಕಿಂತ ನ್ಯಾಯಾಲಯದ ಒತ್ತಡ ಹೆಚ್ಚು ಕೆಲಸ ಮಾಡಿತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಯೋಜನೆ ಪ್ರತಿ ಜನವಸತಿಗೂ ತಲುಪಬೇಕೆಂದಿತು. 2006ರ ಡಿಸೆಂಬರಿನಲ್ಲಿ 14 ಲಕ್ಷ ಕೇಂದ್ರಗಳ ಗಡುವು ಕೊಟ್ಟು, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕೇರಿಯವರು ಕೇಳಿದರೆ ಮೂರು ತಿಂಗಳಲ್ಲಿ ಕೇಂದ್ರ ತೆರೆಯಬೇಕೆಂದು ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಊಟವನ್ನು ಹಕ್ಕಾಗಿಸಿತು. ಕಲಿಕೆಗೆ ಮಾತ್ರ ಆ ಭಾಗ್ಯ ಬರಲಿಲ್ಲ. 2002ರ 86ನೆಯ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ, ಆರರೊಳಗಿನವರನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ 45ನೆಯ ವಿಧಿಗೆ ಒಪ್ಪಿಸಿತು. ಅಂಗನವಾಡಿಯಲ್ಲಿ ಊಟ ಸಿಗದಿದ್ದರೆ ಕೋರ್ಟಿಗೆ ಹೋಗಬಹುದು. ಪಾಠ ನಡೆಯದಿದ್ದರೆ ಹೋಗಲು ಅಷ್ಟು ಗಟ್ಟಿಯಾದ ನೆಲೆಯಿಲ್ಲ.

ಊರಿಗೆ ದಕ್ಕುವುದು

ಅಂಗನವಾಡಿ ಚೆನ್ನಾಗಿ ನಡೆಯುವ ಊರಿನಲ್ಲಿ ಮೊದಲು ಬಿಡುವು ಸಿಗುವುದು ಅಕ್ಕನಿಗೆ. ಕೂಲಿಗೆ ಹೋಗುವ ತಾಯಿ ಕೂಸನ್ನು ಬಿಟ್ಟುಹೋಗುವುದು ಎಂಟು ಹತ್ತು ವರ್ಷದ ಮಗಳ ಬಳಿ. ಆ ಹುಡುಗಿಯ ಶಾಲೆ ತಪ್ಪುವುದು ಅಲ್ಲಿಂದಲೇ ಶುರು. ಕೂಸಿಗೆ ಬೇರೆ ನೆಲೆ ಸಿಕ್ಕ ದಿನ ಅವಳ ಹಾಜರಿ ಸುಧಾರಿಸುತ್ತದೆ.

ಎರಡನೆಯ ಬಿಡುವು ತಾಯಿಗೆ. ಇಲ್ಲಿ ಅಂಗನವಾಡಿಯ ವಿನ್ಯಾಸದಲ್ಲೇ ಒಂದು ಕೊರತೆಯಿದೆ: ಮೂರು ವರ್ಷ ತುಂಬದವರನ್ನು ದಿನವಿಡೀ ನೋಡಿಕೊಳ್ಳುವ ಏರ್ಪಾಡು ಅದರಲ್ಲಿಲ್ಲ, ಅವರ ಪಾಲಿನದು ಮನೆಗೆ ಒಯ್ಯುವ ಪುಡಿಯ ಪೊಟ್ಟಣ. ಈ ತೆರವನ್ನು ಅಲ್ಲಲ್ಲಿ ಬೇರೆಯವರು ತುಂಬಿದ್ದಾರೆ. ಮೀರಾ ಮಹಾದೇವನ್ 1969ರಲ್ಲಿ ದೆಹಲಿಯ ಕಟ್ಟಡ ಕಾಮಗಾರಿಯೊಂದರ ಬದಿಯಲ್ಲಿ ಟೆಂಟು ಹಾಕಿ ಆರಂಭಿಸಿದ ಮೊಬೈಲ್ ಕ್ರೆಷಸ್, ಗಾರೆ ಹೊರುವ ಹೆಂಗಸರ ಕೂಸುಗಳಿಗಾಗಿ. ಅಹಮದಾಬಾದಿನ ‘ಸೇವಾ’ ಎಂಬ ಸಂಘಟನೆಯ ಹೆಂಗಸರು ತಮ್ಮದೇ ಸಹಕಾರಿ ಕಟ್ಟಿ ಶಿಶುಪಾಲನಾ ಕೇಂದ್ರಗಳನ್ನು ನಡೆಸುತ್ತಿದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯಂತೆ ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ತೋಟಗಳಲ್ಲಿ ಶಿಶುಪಾಲನಾ ಗೃಹ ಇರಬೇಕಾಗಿತ್ತು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ಹೇಳಿತು. ಅದು ಬಹುತೇಕ ಕಾಗದದಲ್ಲೇ ಉಳಿದದ್ದನ್ನು ನೋಡಿ ಕರ್ನಾಟಕ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಪಂಚಾಯಿತಿಯ ಕೈಯಲ್ಲಿರುವ ಶಿಶುಕೇಂದ್ರ ಎಂಬ ಕಾರಣಕ್ಕೆ ಇದು ಗಮನಿಸಬೇಕಾದ ಹೆಜ್ಜೆ.

ಮೂರನೆಯದು, ಊರಿನಲ್ಲೇ ಒಂದು ಕೆಲಸ. ಕಾರ್ಯಕರ್ತೆ ಮತ್ತು ಸಹಾಯಕಿ ಅದೇ ಊರಿನ ಹೆಂಗಸರಾಗಿರಬೇಕೆಂಬ ನಿಯಮದಿಂದ ದೇಶದಾದ್ಯಂತ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾರ್ವಜನಿಕ ಕೆಲಸ ಹಿಡಿದರು. ‘ಟೀಚರ್’ ಎಂದು ಊರು ಕರೆಯುವ ಈ ಹೆಂಗಸಿನ ಸ್ಥಾನ ಬರಿಯ ಸಂಬಳದ್ದಲ್ಲ. ಕರ್ನಾಟಕದಲ್ಲಿ 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳನ್ನು ಹಳ್ಳಿಹಳ್ಳಿಗಳಲ್ಲಿ ಕಟ್ಟಿದವರು ಬಹುಪಾಲು ಅಂಗನವಾಡಿ ಕಾರ್ಯಕರ್ತೆಯರೇ. ಹದಿನೈದು ಇಪ್ಪತ್ತು ಹೆಂಗಸರನ್ನು ಕೂಡಿಸಿ, ವಾರದ ಉಳಿತಾಯ ಬರೆದು, ಬ್ಯಾಂಕಿನ ಮೆಟ್ಟಿಲು ಹತ್ತಿಸಿದ ಆ ಸಭೆಗಳು ಎಷ್ಟೋ ಕಡೆ ಅಂಗನವಾಡಿಯ ಕೋಣೆಯಲ್ಲೇ ನಡೆದವು. ಮನೆಗೆ ಒಯ್ಯುವ ಆಹಾರವನ್ನು ಹೊರಗಿನ ಗುತ್ತಿಗೆದಾರರ ಬದಲು ತಾಲ್ಲೂಕು ಮಟ್ಟದ ಮಹಿಳಾ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳಲ್ಲಿ ಮಾಡಿಸುವ ಏರ್ಪಾಡಿನ ಹಿಂದೆಯೂ ಹಣ ಊರಲ್ಲೇ ತಿರುಗಲಿ ಎಂಬ ಉದ್ದೇಶವಿತ್ತು. ಅದು ಎಲ್ಲ ಕಡೆ ಅಷ್ಟೇ ಚೊಕ್ಕಟವಾಗಿ ನಡೆಯಿತೆಂದು ಹೇಳುವಂತಿಲ್ಲ.

ಜಾತಿಯ ಮಾತು ಬೇರೆಯೇ ಹೇಳಬೇಕು. ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಒಂದೇ ಕೈ ಬಡಿಸಿದ್ದನ್ನು ಉಣ್ಣುವ ಜಾಗಗಳು ಹಳ್ಳಿಯಲ್ಲಿ ಹೆಚ್ಚಿಲ್ಲ. ಅಂಗನವಾಡಿ ಅಂಥದೊಂದು. ದಲಿತ ಸಹಾಯಕಿ ಅಡುಗೆ ಮಾಡುತ್ತಾಳೆಂದು ಮಕ್ಕಳನ್ನು ಬಿಡಿಸಿಕೊಂಡ ಪ್ರಕರಣಗಳು ಆಗಾಗ ಸುದ್ದಿಯಾಗುತ್ತವೆ. ಅಧಿಕಾರಿಗಳು ಪಟ್ಟು ಸಡಿಲಿಸದ ಕಡೆ ಮಕ್ಕಳು ಮರಳಿ ಬರುತ್ತಾರೆ, ಸಹಾಯಕಿಯನ್ನೇ ಬೇರೆಡೆಗೆ ಕಳಿಸಿದ ಕಡೆ ಊರು ಗೆದ್ದೆನೆಂದು ಬೀಗುತ್ತದೆ. ಕೇರಿಗೊಂದರಂತೆ ಅಂಗನವಾಡಿ ಕೊಟ್ಟು ಜಗಳ ತಪ್ಪಿಸುವುದು ಸುಲಭದ ಉಪಾಯ. ಆದರೆ ಅದರಿಂದ ಕೂಡಿ ಉಣ್ಣುವ ಅವಕಾಶವೇ ಇಲ್ಲವಾಗುತ್ತದೆ.

ಅಧ್ಯಯನಗಳು ಹೇಳುವುದು

ಹೆಚ್ಚು ಉಲ್ಲೇಖಗೊಳ್ಳುವುದು ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯ ಪೆರಿ ಪ್ರಿಸ್ಕೂಲ್ ಪ್ರಯೋಗ (1962–67). ಬಡ ಕುಟುಂಬಗಳ 123 ಕಪ್ಪು ಮಕ್ಕಳಲ್ಲಿ 58 ಮಂದಿಗೆ ಶಾಲಾಪೂರ್ವ ಶಿಕ್ಷಣ ಕೊಟ್ಟು ಎಲ್ಲರನ್ನೂ ನಲವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಲಾಯಿತು. ಕಲಿತವರ ಗಳಿಕೆ ಹೆಚ್ಚಿತ್ತು, ಬಂಧನಕ್ಕೊಳಗಾದವರು ಕಡಿಮೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಈ ವೆಚ್ಚದ ಪ್ರತಿಫಲವನ್ನು ವರ್ಷಕ್ಕೆ ಶೇ 7ರಿಂದ 10ರಷ್ಟೆಂದು ಅಂದಾಜಿಸಿದರು. ತರಬೇತಾದ ಶಿಕ್ಷಕರು, ಕೆಲವೇ ಮಕ್ಕಳು, ವಾರವಾರವೂ ಮನೆಭೇಟಿ ಇದ್ದ ಆ ದುಬಾರಿ ಪ್ರಯೋಗದ ಅಂಕಿಯನ್ನು ನಮ್ಮ ಭಾಷಣಗಳಲ್ಲಿ ಹಾಗೆಯೇ ಎತ್ತಿ ಬಳಸುವುದು ಸರಿಯಲ್ಲ.

ನಮಗೆ ಹೆಚ್ಚು ಹತ್ತಿರದ್ದು ಜಮೈಕಾದ ಉದಾಹರಣೆ. ಸಂಶೋಧಕಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ 1986–87ರಲ್ಲಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಎಳೆಯ ಮಕ್ಕಳ ಅಧ್ಯಯನ ಆರಂಭಿಸಿದರು. ಅವರಲ್ಲಿ ಒಂದು ಗುಂಪಿನ ಮನೆಗಳಿಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಬಿಸಾಡಿದ ಡಬ್ಬಿ, ಬಟ್ಟೆಗಳಿಂದ ಮಾಡಿದ ಆಟಿಕೆಗಳೊಡನೆ ಮಗುವನ್ನು ಆಡಿಸುವುದನ್ನು ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ಮೇಲೆ ನೋಡಿದಾಗ ಆ ಗುಂಪಿನ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಇಲ್ಲಿ ಕಲಿಸಿದವರು ಪದವೀಧರ ತಜ್ಞರಲ್ಲ, ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರಂಥವರು.

ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಸಂಶೋಧಕರಾದ ಗನಿಮಿಯನ್, ಕಾರ್ತಿಕ್ ಮುರಳೀಧರನ್, ವಾಲ್ಟರ್ಸ್ ನಡೆಸಿದ ಅಧ್ಯಯನ ಇನ್ನೂ ನೇರವಾದದ್ದು. ಕೆಲವು ಕೇಂದ್ರಗಳಿಗೆ ಅರ್ಧ ದಿನ ಕಲಿಸುವುದಕ್ಕೆಂದೇ ಇನ್ನೊಬ್ಬ ಸ್ಥಳೀಯ ಹೆಂಗಸನ್ನು ನೇಮಿಸಿದರು. ಬೇರಾವ ಬದಲಾವಣೆಯೂ ಇಲ್ಲ. ಪಾಠದ ಹೊತ್ತು ಇಮ್ಮಡಿಯಾಯಿತು. ಹದಿನೆಂಟು ತಿಂಗಳಲ್ಲಿ ಮಕ್ಕಳ ಭಾಷೆ, ಲೆಕ್ಕ ಎರಡೂ ಸುಧಾರಿಸಿದವು. ಹಳೆಯ ಕಾರ್ಯಕರ್ತೆಗೆ ಆಹಾರ, ಆರೋಗ್ಯದ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ತೀವ್ರ ಅಪೌಷ್ಟಿಕತೆಯೂ ತಗ್ಗಿತು. ಮುಂದೆ ಸಿಗಬಹುದಾದ ಲಾಭ ಖರ್ಚಿನ 13ರಿಂದ 21 ಪಟ್ಟು ಎಂದು ಅವರ ಅಂದಾಜು.

ಇದಕ್ಕೆ ಎದುರಾಗಿ, ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೆಯ ವಯಸ್ಸಿನವರೆಗೆ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಕೆ ಹೇಳುತ್ತದೆ. ಖಾಸಗಿ ನರ್ಸರಿಗಳಲ್ಲಿ ಆಟವಿಲ್ಲ, ಅಕ್ಷರ ತಿದ್ದಿಸುವುದಷ್ಟೇ ಇದೆ. ಅಂಗನವಾಡಿಗಳಲ್ಲಿ ಊಟವಿದೆ, ಕಲಿಕೆಯ ಚಟುವಟಿಕೆ ಅತ್ಯಲ್ಪ. ಎರಡು ಕಡೆಯಿಂದ ಬಂದ ಮಕ್ಕಳೂ ಒಂದನೇ ತರಗತಿಗೆ ಸಿದ್ಧರಾಗಿರಲಿಲ್ಲ.

ಹೊರದೇಶದ ಮೂರು ಅನುಭವಗಳು

ಇಟಲಿಯ ರೆಜ್ಜೊ ಎಮಿಲಿಯಾ ಬಳಿಯ ವಿಲ್ಲಾ ಚೆಲ್ಲಾ ಹಳ್ಳಿಯವರು 1945ರಲ್ಲಿ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಜರ್ಮನ್ ಸೇನೆ ಬಿಟ್ಟೋಡಿದ ಒಂದು ಟ್ಯಾಂಕು, ಕೆಲವು ಲಾರಿ ಮತ್ತು ಕುದುರೆಗಳನ್ನು ಮಾರಿ ಬಂದ ಹಣದಿಂದ ಶಿಶುಶಾಲೆ ಕಟ್ಟತೊಡಗಿದರು. ಬಾಂಬಿಗೆ ಕುಸಿದ ಮನೆಗಳ ಇಟ್ಟಿಗೆ, ಹೊಳೆಯ ಮರಳು, ಊರವರದೇ ದುಡಿಮೆ. ಸುದ್ದಿ ಕೇಳಿ ಸೈಕಲ್ ತುಳಿದು ಬಂದ ತರುಣ ಶಿಕ್ಷಕ ಲೋರಿಸ್ ಮಲಗುಜ್ಜಿ (1920–1994) ಮುಂದೆ ಇದನ್ನೇ ಜಗತ್ಪ್ರಸಿದ್ಧ ಪದ್ಧತಿಯಾಗಿ ಬೆಳೆಸಿದರು; 1963ರಿಂದ ನಗರಸಭೆಯೇ ಶಾಲೆಗಳನ್ನು ತೆರೆಯಿತು. ಶಾಲೆ ನಡೆಸುವುದರಲ್ಲಿ ತಂದೆತಾಯಿಗಳಿಗೂ ಊರಿನವರಿಗೂ ಪಾಲಿರುವುದು ಇಂದಿಗೂ ಅದರ ಲಕ್ಷಣ.

ನ್ಯೂಜಿಲೆಂಡಿನ ಮಾವೊರಿ ಜನ ತಮ್ಮ ನುಡಿ ಕಣ್ಮರೆಯಾಗುತ್ತಿದ್ದುದನ್ನು ಕಂಡು 1982ರಲ್ಲಿ ಕೊಹಂಗಾ ರೇಯೊ ಕೇಂದ್ರಗಳನ್ನು ತೆರೆದರು. ಅಜ್ಜ ಅಜ್ಜಿಯರು ಶಾಲಾಪೂರ್ವ ಮಕ್ಕಳೊಡನೆ ಮಾವೊರಿಯಲ್ಲಿ ಮಾತ್ರ ಮಾತಾಡುತ್ತಾ ದಿನ ಕಳೆಯುವ ಏರ್ಪಾಡು ಅದು; ನಡೆಸುವವರು ಕುಟುಂಬಗಳೇ. ಈ ಮಕ್ಕಳು ಬೆಳೆದಂತೆ ಮಾವೊರಿ ಮಾಧ್ಯಮದ ಶಾಲೆಗಳು ಹುಟ್ಟಿದವು, 1987ರಲ್ಲಿ ನುಡಿಗೆ ಅಧಿಕೃತ ಸ್ಥಾನ ಬಂತು. ಲಂಬಾಣಿ, ಸೋಲಿಗ, ಕೊರಗ ಮಕ್ಕಳು ಮನೆಮಾತು ಬಿಟ್ಟು ಮೊದಲ ದಿನವೇ ಕನ್ನಡ ಹಾಡಿಗೆ ಕೈತಟ್ಟಬೇಕಾಗಿರುವ ಕರ್ನಾಟಕಕ್ಕೆ ಇದರಲ್ಲಿ ನೋಡಿ ಕಲಿಯುವುದಿದೆ. ತಾಂಡಾದ ಅಂಗನವಾಡಿಗೆ ತಾಂಡಾದವಳೇ ಟೀಚರಾದಲ್ಲಿ ತೊಡಕು ಅರ್ಧ ನೀಗುತ್ತದೆ.

ಕೊಲಂಬಿಯಾ 1980ರ ದಶಕದಲ್ಲಿ ‘ಸಮುದಾಯದ ತಾಯಂದಿರು’ ತಮ್ಮ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ನೋಡಿಕೊಳ್ಳುವ ಯೋಜನೆ ತಂದಿತು. ದಶಕಗಳ ಕಾಲ ಅವರನ್ನು ಸ್ವಯಂಸೇವಕಿಯರೆಂದೇ ಕರೆದು ಅಲ್ಪ ಭತ್ಯೆ ಕೊಡಲಾಯಿತು. ಹೋರಾಟ, ನ್ಯಾಯಾಲಯದ ತೀರ್ಪುಗಳ ನಂತರ 2014ರಿಂದ ಅವರಿಗೆ ಕನಿಷ್ಠ ವೇತನದ ಕರಾರು ಸಿಕ್ಕಿತು.

ಕರ್ನಾಟಕದ ಸ್ಥಿತಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು, ನಾಲ್ಕೈದು ವರ್ಷದಲ್ಲಿ ಒಂದು ಅಂಶದಷ್ಟೂ ಇಳಿದಿಲ್ಲ. ರಕ್ತಹೀನತೆ ಶೇ 65.5. ಐಟಿ ರಾಜಧಾನಿ ಇರುವ ರಾಜ್ಯ ಈ ವಿಷಯದಲ್ಲಿ ದೇಶದ ಸರಾಸರಿಯ ಆಸುಪಾಸಿನಲ್ಲೇ ನಿಂತಿದೆ. ರಾಯಚೂರು ಸೀಮೆಯ ಅಪೌಷ್ಟಿಕತೆಯ ಸಾವುಗಳು ಸುದ್ದಿಯಾದ ಮೇಲೆ ಹೈಕೋರ್ಟ್ 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಚಿಸಿತು. 2013ರ ಕ್ಷೀರಭಾಗ್ಯದಿಂದ ಅಂಗನವಾಡಿ ಮಕ್ಕಳಿಗೂ ಹಾಲು ಬಂತು. 2017ರ ಅಕ್ಟೋಬರ್ 2ರಂದು ರಾಜ್ಯದೆಲ್ಲೆಡೆ ಜಾರಿಯಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿತು. ಬಯಲು ಸೀಮೆಯಲ್ಲಿ ಹಿಡಿದಷ್ಟು ಅದು ಮಲೆನಾಡು, ಕರಾವಳಿಗಳಲ್ಲಿ ಹಿಡಿಯಲಿಲ್ಲ. ತೋಟಕ್ಕೊಂದು ಮನೆಯಿರುವಲ್ಲಿ ತುಂಬು ಗರ್ಭಿಣಿ ಗುಡ್ಡ ಇಳಿದು ಊಟಕ್ಕೆ ಬರಬೇಕೆಂಬುದು ಕಚೇರಿಯಲ್ಲಿ ಕೂತು ಮಾಡಿದ ಲೆಕ್ಕ.

ಕಲಿಕೆಯ ಕಡೆ, ಚಟುವಟಿಕೆ ಆಧಾರಿತ ‘ಚಿಲಿಪಿಲಿ’ ಪಠ್ಯಕ್ರಮ ರಾಜ್ಯದ ಅಂಗನವಾಡಿಗಳಲ್ಲಿದೆ. ಹಾಗಿದ್ದೂ ಯೂನಿಫಾರ್ಮ್, ಇಂಗ್ಲಿಷ್ ಪದ್ಯ ಇರುವ ಕಾನ್ವೆಂಟಿನ ವ್ಯಾನು ಹಳ್ಳಿಗೆ ಬಂದ ಮೇಲೆ ನಾಲ್ಕು ದಾಟಿದ ಮಕ್ಕಳು ಅಂಗನವಾಡಿ ಬಿಡುತ್ತಾರೆ. ಕೊನೆಗೆ ಉಳಿಯುವುದು ತೀರಾ ಬಡವರ ಮಕ್ಕಳು. ದಾಖಲಾತಿ ಕುಸಿದ ಸರ್ಕಾರಿ ಶಾಲೆಗಳು 2024ರಲ್ಲಿ ಎಲ್‌ಕೆಜಿ–ಯುಕೆಜಿ ಆರಂಭಿಸಲು ಹೊರಟಾಗ ಇರುವ ಮಕ್ಕಳೂ ಹೋದಾರೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಆಗ ಸರ್ಕಾರ ಬೆಂಗಳೂರಿನಿಂದ ಆರಂಭಿಸಿ ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಮೇಲ್ದರ್ಜೆಗೇರಿಸಿತು. ಶಾಲೆಗಳನ್ನೂ ಅಂಗನವಾಡಿಗಳನ್ನೂ ನಡೆಸುವ ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಪೈಪೋಟಿ ನಡೆಸಿದ ಈ ಪ್ರಸಂಗದಲ್ಲಿ ತಂದೆತಾಯಿಗಳನ್ನಾಗಲಿ ಅಂಗನವಾಡಿಯ ಬಾಲವಿಕಾಸ ಸಮಿತಿಗಳನ್ನಾಗಲಿ ಯಾರೂ ಕೇಳಿದಂತೆ ಕಾಣುವುದಿಲ್ಲ.

ಕಾರ್ಯಕರ್ತೆ

ಪಾಠಕ್ಕೆ ಹೊತ್ತು ಸಾಲದಿರುವುದಕ್ಕೆ ಕಾರಣ ಹುಡುಕಿ ಬಹಳ ದೂರ ಹೋಗಬೇಕಿಲ್ಲ. ತೂಕ ನೋಡುವುದು, ದಾಸ್ತಾನಿನ ಲೆಕ್ಕ, ಮನೆಭೇಟಿ, ರಿಜಿಸ್ಟರುಗಳು, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪು, ಭಾಗ್ಯಲಕ್ಷ್ಮಿ ಯೋಜನೆಯ ಅರ್ಜಿ, ಮತದಾರರ ಪಟ್ಟಿ, ಬಗೆಬಗೆಯ ಸಮೀಕ್ಷೆ ಎಲ್ಲವೂ ಒಬ್ಬಳ ತಲೆಯ ಮೇಲಿವೆ. ಹೊಸ ಯೋಜನೆ ಬಂದಾಗಲೆಲ್ಲ ಸರ್ಕಾರಕ್ಕೆ ಮೊದಲು ನೆನಪಾಗುವವಳು ಅವಳೇ.

ಇಷ್ಟಾದರೂ ಅವಳು ಕಾಗದದಲ್ಲಿ ‘ಗೌರವಧನ’ ಪಡೆಯುವವಳು, ನೌಕರಳಲ್ಲ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪಿತ್ತು, ಅವರ ದುಡಿಮೆಯ ಸ್ಥಿತಿಯತ್ತ ಸರ್ಕಾರಗಳು ಗಮನ ಹರಿಸಬೇಕೆಂದೂ ಹೇಳಿತು. ಈ ಎರಡು ತೀರ್ಪುಗಳ ನಡುವೆ, 2017ರ ಮಾರ್ಚಿನಲ್ಲಿ, ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕೂತಿದ್ದರು. ಗೌರವಧನದಲ್ಲಿ ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ನಿಗದಿ ಮಾಡಿದ ದರ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಮಿಕ್ಕಿದ್ದು ರಾಜ್ಯಗಳ ಕೊಡುಗೆ.

ಕೋಸಬಾಡದಿಂದ ತಮಿಳುನಾಡಿನವರೆಗಿನ ಅನುಭವವನ್ನು ನೋಡಿದರೆ ಆದ್ಯತೆಯ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅಂಗನವಾಡಿಗೆ ಹೊಸ ಹೆಸರು, ಗೋಡೆಗೆ ಹೊಸ ಬಣ್ಣ, ಕೈಗೆ ಹೊಸ ಆ್ಯಪು ಕೊಡುವುದಕ್ಕೆ ಮೊದಲು ಪ್ರತಿ ಕೇಂದ್ರಕ್ಕೂ ಕಲಿಸುವುದಕ್ಕೆಂದೇ ಅದೇ ಊರಿನ ಇನ್ನೊಬ್ಬ ಹೆಂಗಸನ್ನು ನೇಮಿಸಬೇಕು, ಇಬ್ಬರಿಗೂ ಸಂಬಳ ಕೊಡಬೇಕು.